ಉಪ್ಪ ಬರುವ ಮೊದಲಿನ ನಾಲ್ಕು ದಿನ

ಉಸಿರಿನ ಬಲ ಅಳೆಯುವ ಊದುಕೊಳವೆಯ ಕೆಂಪು ಮುಳ್ಳು ಇನ್ನೂರ ಅರವತ್ತರಲ್ಲಿ ನಿಂತಿತು. ಇನ್ನೊಮ್ಮೆ ಊದಿದೆ, ಇನ್ನೂರ ಐವತ್ತು. ಮೂರನೆಯ ಸಲ ಮತ್ತೆ ಇನ್ನೂರ ಅರವತ್ತು. ಮೂರರಲ್ಲಿ ಹೆಚ್ಚಿನದನ್ನು ಬರೆಯಬೇಕು ಎಂಬುದು ನಿಯಮ. ಪುಸ್ತಕದಲ್ಲಿ 260 ಎಂದು ಬರೆದು, ಪಕ್ಕದ ಖಾನೆಯಲ್ಲಿ 'ಉಪ್ಪ ಬಂದರು' ಎಂದು ಸೇರಿಸಿದೆ. ಆಗ ನನಗೆ ಹದಿಮೂರು ವರ್ಷ.

ಹಾಗೆ ಬರೆದೆನೇ ಹೊರತು ಉಪ್ಪ, ಎಂದರೆ ನನ್ನ ತಂದೆ, ನಮ್ಮ ಮನೆಗೆ ಬಂದಿರಲಿಲ್ಲ. ಶಾರ್ಜಾದಿಂದ ಬಂದವರು ನೇರವಾಗಿ ಅವರ ಅಣ್ಣನ ಮನೆಗೆ ಹೋಗಿದ್ದರು. ದೊಡ್ಡಪ್ಪನ ಮನೆ ಉಪ್ಪಿನಂಗಡಿಯಲ್ಲಿ, ನಮ್ಮದು ಕುಂಬ್ರದಲ್ಲಿ. ಪುತ್ತೂರಿನಲ್ಲಿ ಬಸ್ಸು ಬದಲಾಯಿಸಿದರೆ ಒಂದು ಗಂಟೆಯ ದಾರಿ. ಮೂರು ದಿನ ಅವರು ಅಲ್ಲಿಯೇ ಇರಬೇಕು. ದಿನಕ್ಕೆ ಎರಡು ಸಲ ಸ್ನಾನ ಮಾಡಬೇಕು, ತಂದ ಬಟ್ಟೆಯನ್ನೆಲ್ಲ ಒಗೆದು ಒಣಗಿಸಬೇಕು, ಪೆಟ್ಟಿಗೆಯನ್ನು ಬಿಸಿಲಿಗೆ ತೆರೆದಿಡಬೇಕು. ನಾಲ್ಕನೆಯ ದಿನ ಕುಂಬ್ರಕ್ಕೆ. ಈ ಕಾಯಿದೆ ಹುಟ್ಟಿದ್ದು ನನ್ನಿಂದ.

ನನಗೆ ಅಸ್ತಮಾ. ಮನೆಯಲ್ಲಿ ಅದಕ್ಕೆ ದಮ್ಮು ಎನ್ನುತ್ತೇವೆ. ಉಪ್ಪ ಕೆಲಸ ಮಾಡುವುದು ಅತ್ತರ್ ಅಂಗಡಿಯಲ್ಲಿ. ಗಿರಾಕಿಯ ಮಣಿಕಟ್ಟಿಗೆ ಒಂದೊಂದೇ ಬಿಂದು ಹಚ್ಚಿ ತೋರಿಸುವ ಕೆಲಸ. ಇಪ್ಪತ್ತು ವರ್ಷ ಅದನ್ನೇ ಮಾಡಿದವರ ಮೈಯಿಂದ ಪರಿಮಳವನ್ನು ಬೇರೆ ಮಾಡುವುದು ಕಷ್ಟ.

ನಾನು ಒಂಬತ್ತು ವರ್ಷದವಳಾಗಿದ್ದಾಗ ಅವರು ರಜೆಯಲ್ಲಿ ಬಂದ ಸಂಜೆ ಮನೆ ತುಂಬ ಜನ. ಪೆಟ್ಟಿಗೆ ತೆರೆದರು. ಅದರಿಂದ ಎದ್ದ ವಾಸನೆ ನನಗೆ ಇವತ್ತಿಗೂ ನೆನಪಿದೆ: ಸೋಪು, ಚಾಕಲೇಟು, ಹೊಸ ಬಟ್ಟೆ, ಎಲ್ಲದರ ಅಡಿಯಲ್ಲಿ ಊದ್ ಮರದ ಅತ್ತರ್. ಎಲ್ಲ ಮಕ್ಕಳೂ ಪೆಟ್ಟಿಗೆಯೊಳಗೆ ಮುಖ ಹಾಕಿದರು, ನಾನೂ ಹಾಕಿದೆ. ಅರ್ಧ ಗಂಟೆಯಲ್ಲಿ ನನ್ನ ಎದೆ ಸೀಟಿ ಹೊಡೆಯತೊಡಗಿತು. ಉಪ್ಪ ನನ್ನನ್ನು ಎತ್ತಿಕೊಂಡು ಪುತ್ತೂರಿನ ಡಾಕ್ಟರ ಹತ್ತಿರ ಓಡಿದರು. ಎತ್ತಿಕೊಂಡಷ್ಟೂ ನನ್ನ ಉಸಿರು ಕಟ್ಟುತ್ತಿತ್ತು ಎಂದು ಉಮ್ಮ ಆಮೇಲೆ ಹೇಳುತ್ತಿದ್ದಳು.

ಡಾಕ್ಟರು ಮೂಗಿಗೆ ಹೊಗೆಯಂಥ ಮದ್ದು ಕೊಡುವ ಯಂತ್ರ ಇಟ್ಟರು. ಉಸಿರು ಸಡಿಲಾದ ಮೇಲೆ ಕೇಳಿದರು, "ಇವತ್ತು ಮನೆಯಲ್ಲಿ ಹೊಸತು ಎಂತ ಉಂಟು?"

ಎಲ್ಲರೂ ಉಪ್ಪನ ಕಡೆ ನೋಡಿದರು. ಹೊಸತು ಅವರೇ.

ನನ್ನ ಅಜ್ಜಿ, ಎಂದರೆ ಉಪ್ಪನ ಉಮ್ಮ, ನಮ್ಮೊಟ್ಟಿಗೇ ಇರುವವಳು. ಮನೆಗೆ ಬಂದ ಮೇಲೆ ಹೇಳಿದಳು, "ಅತ್ತರ್ ಮಾರುವವನ ಮಗಳಿಗೆ ಅತ್ತರ್ ಆಗುದಿಲ್ಲ! ಇನ್ನು ಮೀನು ಮಾರುವವನ ಮಗಳಿಗೆ ಸಾರು ಆಗುದಿಲ್ಲ ಅಂತ ಹೇಳ್ಯಾರು." ಎಲ್ಲರೂ ನಕ್ಕರು. ಉಪ್ಪ ನಗಲಿಲ್ಲ. ಆ ಇಡೀ ರಜೆ ನನ್ನಿಂದ ಎರಡು ಮಾರು ದೂರದಲ್ಲೇ ಕುಳಿತರು. ಮುಂದಿನ ರಜೆಯಿಂದ ಉಪ್ಪಿನಂಗಡಿಯ ಮೂರು ದಿನಗಳು ಶುರುವಾದವು.

ಡಾಕ್ಟರು ಮದ್ದಿನ ಪಂಪ್ ಬರೆದುಕೊಟ್ಟು, ಅದರೊಂದಿಗೆ ಮದ್ದಲ್ಲದ ಕೆಲಸಗಳನ್ನೂ ಕಲಿಸಿದರು. ಪಂಪ್ ಯಾವಾಗಲೂ ಚೀಲದಲ್ಲಿರಬೇಕು, ಆದರೆ ಉಳಿದದ್ದು ನಿನ್ನ ಕೈಯಲ್ಲಿದೆ ಎಂದರು. ಆ ಮಾತು ನನಗೆ ಹಿಡಿಸಿತು. ನನ್ನ ಕೈಯಲ್ಲಿ ಏನಾದರೂ ಇದೆ ಎಂದು ಅದುವರೆಗೆ ಯಾರೂ ಹೇಳಿರಲಿಲ್ಲ. ಬೆಳಿಗ್ಗೆ ಮತ್ತು ಸಂಜೆ ಊದುಕೊಳವೆಯಲ್ಲಿ ಊದಿ, ಮುಳ್ಳು ಎಷ್ಟಕ್ಕೆ ಹೋಯಿತೆಂದು ಬರೆಯುವುದು. ಆ ದಿನ ಏನು ತಿಂದೆ, ಎಲ್ಲಿಗೆ ಹೋದೆ, ಯಾವ ವಾಸನೆ ಬಂತು ಎಂದು ಪಕ್ಕದಲ್ಲಿ ಬರೆಯುವುದು. ಚಾಪೆಯ ಮೇಲೆ ಅಂಗಾತ ಮಲಗಿ ಹೊಟ್ಟೆಯ ಮೇಲೆ ಒಂದು ಪುಸ್ತಕ ಇಟ್ಟು, ಎದೆ ಅಲ್ಲಾಡದೆ ಪುಸ್ತಕ ಮಾತ್ರ ಏರಿಳಿಯುವ ಹಾಗೆ ಉಸಿರಾಡುವುದು. ನಾಲ್ಕು ಎಣಿಸುವಷ್ಟು ಹೊತ್ತು ಮೂಗಿನಿಂದ ಒಳಗೆ. ಆರು ಎಣಿಸುವಷ್ಟು ಹೊತ್ತು, ಬಿಸಿ ಚಹಾಕ್ಕೆ ಊದುವ ಹಾಗೆ ತುಟಿ ಸಣ್ಣ ಮಾಡಿ, ಹೊರಗೆ. ಉಸಿರು ಕಟ್ಟಿದಾಗ ಹೆದರಿ ಗಬಗಬ ಎಳೆದುಕೊಳ್ಳುತ್ತೇವೆ. ಬಿಡುವುದನ್ನು ಕಲಿತರೆ ಎಳೆಯುವುದು ತಾನಾಗಿ ಬರುತ್ತದೆ ಎನ್ನುವುದು ಅವರ ಪಾಠ.

ನೆರೆಮನೆಯವರ ಪಾಠಗಳು ಬೇರೆ. ಶುಂಠಿಗೆ ಜೇನು, ಸಾಂಬ್ರಾಣಿ ಎಲೆಯ ರಸ, ತಲೆಗೆ ಎಣ್ಣೆ ಬೇಡ, ತಲೆಗೆ ಎಣ್ಣೆ ಬೇಕೇಬೇಕು. ಉಮ್ಮ ಎಲ್ಲವನ್ನೂ ಕೇಳಿಸಿಕೊಂಡು ಶುಂಠಿಯನ್ನು ಮಾತ್ರ ಇಟ್ಟುಕೊಂಡಳು. ಅದು ಗಂಟಲಿಗೆ ಹಿತ. ದಮ್ಮು ಹೋಯಿತೆಂದು ನಾನು ಎಲ್ಲಿಯೂ ಬರೆದಿಲ್ಲ.

ಉಸಿರಿನ ಲೆಕ್ಕ ಹಾಕುವ ಕೆಲಸವನ್ನು ಉಪ್ಪ ವಹಿಸಿಕೊಂಡರು. ಅಂಗಡಿ ತೆರೆಯುವ ಮೊದಲು ಅವರಿಗೆ ಸ್ವಲ್ಪ ಬಿಡುವಿತ್ತು. ನನಗೆ ಶಾಲೆಗೆ ಹೊರಡುವ ಮೊದಲು. ಫೋನನ್ನು ತಲೆಯ ಪಕ್ಕ ಚಾಪೆಯ ಮೇಲೆ ಇಟ್ಟುಕೊಂಡು ಮಲಗುತ್ತಿದ್ದೆ. "ಒಂದು, ಎರಡು, ಮೂರು, ನಾಲ್ಕು. ಬಿಡು ಈಗ. ಒಂದು, ಎರಡು…" ನೆಟ್‌ವರ್ಕ್ ಸರಿ ಇರುತ್ತಿರಲಿಲ್ಲ. ಐದು ಬಂದ ಮೇಲೆ ಆರು ಎಷ್ಟೋ ಹೊತ್ತು ಬರುತ್ತಲೇ ಇರಲಿಲ್ಲ. ಅವರ ಆರು ಬರುವವರೆಗೆ ನಾನು ಉಸಿರು ಬಿಡುತ್ತಲೇ ಇರುತ್ತಿದ್ದೆ. ನನ್ನ ಉಸಿರು ಉದ್ದವಾದದ್ದು ಹೀಗೆ ಎಂದು ನನಗೆ ಖಾತ್ರಿ ಇದೆ.

ಎರಡು ವರ್ಷ ಅವರು ಅಲ್ಲಿರುವುದನ್ನು ನಾನು ಅಷ್ಟೇನೂ ಕಷ್ಟವಿಲ್ಲದೆ ಕಳೆಯುತ್ತಿದ್ದೆ. ಕಡಲಾಚೆಗೆ ಇರುವವರನ್ನು ಇಲ್ಲ ಎಂದುಕೊಂಡು ದಿನ ದೂಡುವುದು ನಮ್ಮಂಥ ಮನೆಗಳಲ್ಲಿ ಎಲ್ಲ ಮಕ್ಕಳಿಗೂ ಬರುತ್ತದೆ. ಕಷ್ಟವಾಗುತ್ತಿದ್ದದ್ದು ಆ ಮೂರು ದಿನ. ಅದೇ ಧ್ವನಿ, ಆದರೆ ಈಗ ನೆಟ್‌ವರ್ಕ್ ಕಡಿಯುವುದಿಲ್ಲ. ಆರು ಸಮಯಕ್ಕೆ ಸರಿಯಾಗಿ ಬರುತ್ತದೆ. ಅವರ ಹಿಂದೆ ದೊಡ್ಡಪ್ಪನ ಮಕ್ಕಳ ನಗು ಕೇಳಿಸುತ್ತದೆ, ಬಸ್ಸಿನ ಹಾರನ್ ಕೇಳಿಸುತ್ತದೆ, ಇಲ್ಲಿ ಮಳೆ ಬಂದರೆ ಅಲ್ಲಿಯೂ ಬರುತ್ತದೆ. ದೊಡ್ಡಪ್ಪನ ಮಗಳು ನನಗಿಂತ ಒಂದು ವರ್ಷ ಚಿಕ್ಕವಳು. ಒಮ್ಮೆ ಫೋನ್ ಕಸಿದುಕೊಂಡು, "ನಿನ್ನ ಉಪ್ಪ ನನಗೆ ತಲೆ ಬಾಚಿದ್ರು ಗೊತ್ತುಂಟಾ? ಒಂದು ಜಡೆ ದಪ್ಪ, ಒಂದು ಸಪುರ!" ಎಂದಳು. ನಾನು ಫೋನ್ ಇಟ್ಟುಬಿಟ್ಟೆ. ಆ ದಿನದ ಖಾನೆಯಲ್ಲಿ ಏನೂ ಬರೆದಿಲ್ಲ. ಮುಳ್ಳಿನ ಸಂಖ್ಯೆ ಮಾತ್ರ ಇದೆ.

ಕಾಯಿದೆ ಸರಿ ಎನ್ನುವುದಕ್ಕೆ ನಮ್ಮ ಹತ್ತಿರ ಸಾಕ್ಷಿಯೂ ಇತ್ತು. ಉಪ್ಪ ಊರಿಗೆ ಇಳಿದ ದಿನ ನನ್ನ ಸಂಖ್ಯೆ ತೀರ ಕೆಳಗೆ. ವಿಮಾನ ನಿಲ್ದಾಣಕ್ಕೆ ಹೋಗಿದ್ದ ಉಮ್ಮ ಮನೆಗೆ ಮರಳುವಾಗ ಅವಳ ಬುರ್ಖಾಕ್ಕೆ ಪರಿಮಳ ಹತ್ತಿರುತ್ತಿತ್ತು. "ಇಷ್ಟಕ್ಕೇ ಹೀಗೆ, ಇನ್ನು ಅವರೇ ಬಂದಿದ್ರೆ!" ಎನ್ನುತ್ತಿದ್ದಳು. ಎರಡನೆಯ ದಿನ ಸ್ವಲ್ಪ ಮೇಲೆ, ಮೂರನೆಯ ದಿನ ಇನ್ನೂ ಮೇಲೆ. ನಾಲ್ಕನೆಯ ದಿನ ಒಗೆದ ಅಂಗಿ ಹಾಕಿಕೊಂಡು ಅವರು ಗೇಟು ತೆರೆಯುವಾಗ ನಾನು ಹೆಚ್ಚುಕಡಿಮೆ ಸರಿಯಾಗಿರುತ್ತಿದ್ದೆ. ಸಂಖ್ಯೆ ಸುಳ್ಳು ಹೇಳುವುದಿಲ್ಲ ಎಂದು ನಾನೇ ಎಲ್ಲರಿಗೂ ಪುಸ್ತಕ ತೋರಿಸುತ್ತಿದ್ದೆ.

ಹೀಗೆ ಏಳು ರಜೆಗಳು. ನಾನು ಓದು ಮುಗಿಸಿದೆ, ಸುಳ್ಯದ ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿಯಾದೆ. ಕುಂಬ್ರದಿಂದ ದಿನಾ ಬಸ್ಸು. ಪುಸ್ತಕಗಳು ಹನ್ನೊಂದಾದವು.

ಹೋದ ವರ್ಷ ಅಜ್ಜಿ ಬಚ್ಚಲಿನಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಳು. ಪುತ್ತೂರಿನ ಆಸ್ಪತ್ರೆಗೆ ಸೇರಿಸಿ ಆಪರೇಷನ್‌ಗೆ ದಿನ ಗೊತ್ತು ಮಾಡಿದರು. ಉಮ್ಮ ಅಲ್ಲಿಯೇ ಉಳಿದಳು. ಆಪರೇಷನ್ನಿನ ಹಿಂದಿನ ದಿನ ಮಧ್ಯಾಹ್ನ ನಾನು ಮನೆಗೆ ಬಂದು ಅಜ್ಜಿಗೆ ಗಂಜಿ ಬೇಯಿಸುತ್ತಿದ್ದೆ. ಗೇಟಿನ ಸದ್ದಾಯಿತು. ಹೊರಗೆ ಬಂದರೆ ಉಪ್ಪ.

ಯಾರಿಗೂ ಹೇಳದೆ, ಸಿಕ್ಕಿದ ವಿಮಾನ ಹತ್ತಿ ಬಂದಿದ್ದರು. ಅಂಗಡಿಯ ಅಂಗಿಯಲ್ಲೇ ಇದ್ದರು. ಕೈಯಲ್ಲಿ ಸಣ್ಣ ಚೀಲ ಒಂದೇ. "ಉಮ್ಮ ಹೇಗಿದ್ದಾರೆ?" ಎಂದು ಅಜ್ಜಿಯ ಬಗ್ಗೆ ಕೇಳುತ್ತಾ ಮೆಟ್ಟಿಲು ಹತ್ತಿದವರು, ನಾನು ಉತ್ತರ ಹೇಳುವ ಮೊದಲೇ ನನ್ನನ್ನು ತಬ್ಬಿಕೊಂಡು ಅತ್ತರು. ನನ್ನ ಮುಖ ಅವರ ಕಿಸೆಯ ಮೇಲಿತ್ತು. ಹದಿನಾರು ವರ್ಷಗಳ ಮೇಲೆ ನಾನು ಆ ವಾಸನೆಯನ್ನು ಹತ್ತಿರದಿಂದ ಎಳೆದುಕೊಂಡೆ. ಊದ್, ಬೆವರು, ವಿಮಾನದ ಕಾಫಿ.

ಅವರಿಗೇ ಮೊದಲು ನೆನಪಾಯಿತು. ಬಿಸಿ ಪಾತ್ರೆ ಮುಟ್ಟಿದವರ ಹಾಗೆ ಕೈ ತೆಗೆದು ಅಂಗಳಕ್ಕೆ ಇಳಿದರು. "ಮರೆತೇ ಹೋಯ್ತು ಮಗಳೇ, ಮರೆತೇ ಹೋಯ್ತು. ಪಂಪ್ ಎಲ್ಲುಂಟು? ತೆಗೆದುಕೋ. ನಾನು ಹೀಗೇ ಆಸ್ಪತ್ರೆಗೆ ಹೋಗ್ತೇನೆ."

"ಗಂಜಿ ಆಗ್ತಾ ಬಂತು. ಒಟ್ಟಿಗೆ ಹೋಗುವ," ಎಂದೆ.

"ಬೇಡ ಬೇಡ. ನಾನು ಬಸ್ಸಲ್ಲಿ ಹೋಗುದು. ನೀನು ರಿಕ್ಷಾದಲ್ಲಿ ಬಾ."

ಅವರು ಹೋದ ಮೇಲೆ ನಾನು ಅಡುಗೆಮನೆಯಲ್ಲಿ ಕುಳಿತು ಎದೆಯ ಸೀಟಿಗಾಗಿ ಕಾದೆ. ಪಂಪನ್ನು ಕೈಯಲ್ಲಿ ಹಿಡಿದುಕೊಂಡಿದ್ದೆ. ಗಂಜಿ ಉಕ್ಕಿ ಬೆಂಕಿ ಆರಿತು. ಅದನ್ನು ಒರೆಸಿ ಮತ್ತೆ ಕಾದೆ. ಕೊಳವೆಯಲ್ಲಿ ಊದಿದರೆ ಮುನ್ನೂರ ಎಂಬತ್ತು, ಬೆಳಿಗ್ಗೆ ಇದ್ದಷ್ಟೇ. ಒಂದು ಗಂಟೆ ಬಿಟ್ಟು ಊದಿದೆ, ಅಷ್ಟೇ. ಸಂಜೆ ಆಸ್ಪತ್ರೆಯಿಂದ ಬಂದು ಊದಿದೆ, ಮುನ್ನೂರ ತೊಂಬತ್ತು.

ಮೂರು ದಿನ ಅವರು ಆಸ್ಪತ್ರೆಯಲ್ಲೇ ಮಲಗಿದರು. ಅಜ್ಜಿಯ ಆಪರೇಷನ್ ಚೆನ್ನಾಗಿ ಆಯಿತು. ಎಚ್ಚರವಾದ ಕೂಡಲೇ ಮಗನನ್ನು ನೋಡಿ, "ಸೊಂಟ ಮುರಿದ್ರೆ ಮಾತ್ರ ಬರುದಾ ನೀನು? ಇನ್ನೊಂದು ಸೊಂಟ ಇಲ್ಲ ನನಗೆ," ಎಂದಳಂತೆ. ಆ ಮೂರು ದಿನ ನಾನು ಮನೆಯಲ್ಲಿ ಹನ್ನೊಂದು ಪುಸ್ತಕಗಳನ್ನೂ ನೆಲದ ಮೇಲೆ ಹರಡಿಕೊಂಡು ಕುಳಿತೆ.

ನಾವು ಯಾವಾಗಲೂ 'ಉಪ್ಪ ಬಂದರು' ಎಂದು ಬರೆದ ಸಾಲಿನಿಂದ ಕೆಳಗೆ ಓದುತ್ತಿದ್ದೆವು. ಈ ಸಲ ಮೇಲಕ್ಕೆ ಓದಿದೆ. ಹದಿಮೂರನೆಯ ವರ್ಷದ ಪುಸ್ತಕದಲ್ಲಿ ಅವರು ಬರುವ ಐದು ದಿನ ಮೊದಲು ಮುನ್ನೂರ ಮೂವತ್ತು. ನಾಲ್ಕು ದಿನ ಮೊದಲು ಮುನ್ನೂರ ಹತ್ತು. ಆಮೇಲೆ ಇನ್ನೂರ ತೊಂಬತ್ತು, ಎಂಬತ್ತು, ಎಪ್ಪತ್ತು. ವಿಮಾನ ಶಾರ್ಜಾದಲ್ಲಿ ನೆಲ ಬಿಡುವ ಮೊದಲೇ ನಾನು ಇಳಿದಿದ್ದೆ. ಏಳು ರಜೆಗಳಲ್ಲಿ ಏಳೂ ಹೀಗೆಯೇ ಇದ್ದವು. ಈ ಇಳಿತ ಯಾರಿಗೂ ಕಂಡಿರಲಿಲ್ಲ ಎಂದಲ್ಲ. "ಉಪ್ಪ ಬರುವ ಖುಷಿಗೆ ಅವಳಿಗೆ ಎದೆ ಹಾರ್ತದೆ," ಎಂದು ಉಮ್ಮ ಹೇಳುತ್ತಿದ್ದಳು, ನಾನೂ ಅದನ್ನು ನಂಬಿದ್ದೆ. ನನ್ನ ಖುಷಿಗೆ ಅದಕ್ಕಿಂತ ಒಳ್ಳೆಯ ಸಾಕ್ಷಿ ನನ್ನ ಹತ್ತಿರ ಬೇರೆ ಇರಲಿಲ್ಲ.

ಪಕ್ಕದ ಖಾನೆ ಓದಿದೆ. ನಾಲ್ಕು ದಿನ ಮೊದಲು: 'ಉಮ್ಮ ಅಟ್ಟದಿಂದ ಹಾಸಿಗೆ ಇಳಿಸಿದಳು.' ಮೂರು ದಿನ: 'ಹಾಸಿಗೆ, ದಿಂಬು ಬಡಿದದ್ದು. ಜೇಡರಬಲೆ.' ಎರಡು ದಿನ: 'ಪರದೆ ಬದಲು.' ನಾನೇ ಬರೆದ ಅಕ್ಷರಗಳು.

ಗಲ್ಫಿನಿಂದ ಗಂಡಸು ಬರುತ್ತಾನೆಂದರೆ ನಮ್ಮ ಕಡೆಯ ಮನೆಗಳಲ್ಲಿ ನಡೆಯುವ ಕೆಲಸ ಇದು. ಎರಡು ವರ್ಷ ಅಟ್ಟದಲ್ಲಿ ಕಟ್ಟಿಟ್ಟ ಹತ್ತಿಯ ಹಾಸಿಗೆ ಕೆಳಗೆ ಬರಬೇಕು, ಅದನ್ನು ಕೋಲಿನಿಂದ ಬಡಿಯಬೇಕು, ಮೂಲೆಮೂಲೆ ಗುಡಿಸಬೇಕು. ಉಮ್ಮ ಇದಕ್ಕೆ ಯಾರ ಸಹಾಯವನ್ನೂ ಕೇಳುತ್ತಿರಲಿಲ್ಲ. ತಲೆಗೆ ಬಟ್ಟೆ ಸುತ್ತಿಕೊಂಡು, ತನಗಷ್ಟೇ ಕೇಳುವ ಹಾಗೆ ಏನೋ ಹಾಡಿಕೊಂಡು, ನಾಲ್ಕು ದಿನ ದುಡಿಯುತ್ತಿದ್ದಳು. ಅವಳು ಹಾಡುವುದನ್ನು ನಾನು ಬೇರೆ ಯಾವಾಗಲೂ ಕೇಳಿಲ್ಲ. 'ಹೊಸತು ಎಂತ ಉಂಟು' ಎಂದು ಡಾಕ್ಟರು ಕೇಳಿದಾಗ ಯಾರ ಬಾಯಲ್ಲೂ ಇದು ಬರಲಿಲ್ಲ. ಮನೆ ಚೊಕ್ಕ ಮಾಡಿದ್ದನ್ನು ಕಾಯಿಲೆಯ ಕಾರಣವೆಂದು ಯಾರು ಹೇಳುತ್ತಾರೆ?

ಅಜ್ಜಿಯನ್ನು ನೋಡಲು ಹೋದಾಗ ನನ್ನ ಡಾಕ್ಟರಿಗೆ ಪುಸ್ತಕ ತೋರಿಸಿದೆ. ಅವರಿಗೆ ಈಗ ವಯಸ್ಸಾಗಿದೆ. ಬಹಳ ಹೊತ್ತು ಓದಿದರು. ಕೆಲವರಿಗೆ ಪರಿಮಳವೂ ಆಗುವುದಿಲ್ಲ, ಆದರೆ ನಿನಗೆ ಹಳೆಯ ಹಾಸಿಗೆಯ ಧೂಳೇ ಎಂದು ಕಾಣುತ್ತದೆ ಎಂದರು. ಆಮೇಲೆ ಕನ್ನಡಕ ತೆಗೆದು, "ನಾನು ಕೇಳಬೇಕಿತ್ತು, ನಿನ್ನೆ ಮೊನ್ನೆ ಎಂತ ಮಾಡಿದ್ರಿ ಅಂತ. ಇವತ್ತು ಅಂತ ಕೇಳಿದೆ," ಎಂದರು.

ಏಳು ರಜೆ, ರಜೆಗೆ ಮೂರು ದಿನ. ಇಪ್ಪತ್ತೊಂದು ದಿನಗಳನ್ನು ನಾನು ಬೆರಳಿನಲ್ಲಿ ಎಣಿಸಿದೆ. ಉಪ್ಪನಿಗೆ ಹೇಳಬೇಕು ಎನಿಸಿತು. ಹೇಳಿದರೆ ಅವರ ಮೇಲಿನ ಹೊರೆ ಇಳಿದು ಉಮ್ಮನ ಮೇಲೆ ಕೂರುತ್ತದೆ ಎಂದೂ ಎನಿಸಿತು. ಅವರಿಗಿದ್ದದ್ದು ಹತ್ತು ದಿನಗಳ ರಜೆ. ಆರು ದಿನ ನಾನು ಬಾಯಿ ಬಿಡಲಿಲ್ಲ. ನನಗೆ ಮಾತು ಬೇಗ ಬರುವುದಿಲ್ಲ.

ಅವರು ಹೊರಡುವ ಹಿಂದಿನ ಸಂಜೆ ಹೇಳಿದೆ. ಅಜ್ಜಿ ಮನೆಗೆ ಬಂದು ಒಳಕೋಣೆಯಲ್ಲಿ ಮಲಗಿದ್ದಳು. ಉಮ್ಮ ಅಡುಗೆಮನೆಯಲ್ಲಿ ಅವರಿಗೆ ಕಟ್ಟಿಕೊಡಲು ಉಪ್ಪಿನಕಾಯಿ ಡಬ್ಬಿಗೆ ತುಂಬುತ್ತಿದ್ದಳು. ಉಪ್ಪ ಎಂದಿನಂತೆ ಬಾಗಿಲ ಹೊರಗೆ, ನನ್ನಿಂದ ದೂರ, ಕುರ್ಚಿ ಹಾಕಿಕೊಂಡಿದ್ದರು. ನಾನು ನನ್ನ ಕುರ್ಚಿಯನ್ನು ಎತ್ತಿ ಅವರ ಪಕ್ಕ ಇಟ್ಟೆ. ಅವರು ತಮ್ಮದನ್ನು ಹಿಂದೆ ಸರಿಸಿದರು.

"ಸರಿಯಬೇಡಿ ಉಪ್ಪಾ," ಎಂದು ಪುಸ್ತಕ ತೆರೆದೆ.

ಸಾಲು ಸಾಲಾಗಿ ತೋರಿಸಿದೆ. ಅವರು ಬೆರಳಿಟ್ಟು ಕೆಳಗಿನಿಂದ ಮೇಲಕ್ಕೆ ಓದಿದರು, ಇನ್ನೊಂದು ಪುಸ್ತಕ ಕೇಳಿದರು, ಅದನ್ನೂ ಓದಿದರು. ಮೂರನೆಯದನ್ನು ತೆರೆಯಲಿಲ್ಲ.

"ಹಾಗಾದ್ರೆ ನಾನಲ್ಲ," ಎಂದರು.

"ಅಲ್ಲ."

"ನಾನು ದೇವರ ಹತ್ತಿರ ಕೇಳ್ತಿದ್ದೆ. ಎಷ್ಟು ಕೆಲಸ ಉಂಟು ದುನಿಯಾದಲ್ಲಿ, ನನಗೆ ಇದನ್ನೇ ಯಾಕೆ ಕೊಟ್ಟೆ ಅಂತ." ಅಡುಗೆಮನೆಯ ಕಡೆ ನೋಡಿ ದನಿ ತಗ್ಗಿಸಿದರು. "ಅವಳಿಗೆ ಹೇಳಿದ್ದೀಯಾ?"

"ಇಲ್ಲ."

"ಹೇಳಬೇಡ. ಎರಡು ವರ್ಷದಲ್ಲಿ ಅವಳಿಗೆ ಖುಷಿ ಇರುದು ಆ ನಾಲ್ಕು ದಿನ."

"ಆದ್ರೆ ಮುಂದಿನ ಸಲ ಮತ್ತೆ—"

ಅಷ್ಟರಲ್ಲಿ ಉಮ್ಮ ಡಬ್ಬಿಯ ಮುಚ್ಚಳ ತಿರುಗಿಸುತ್ತಾ ಬಾಗಿಲಿಗೆ ಬಂದಳು. "ಇನ್ನು ಹೀಗೆ ಮಾಡಬೇಡಿ ಆಯ್ತಾ? ಹತ್ತು ದಿನ ಮೊದಲೇ ಹೇಳಿ ಬನ್ನಿ. ಮನೆ ಒಳ್ಳೆ ಗುಜರಿ ಅಂಗಡಿ ಹಾಗೆ ಇರುವಾಗ ಬಂದು ನಿಂತ್ರಿ. ನನಗೆ ನಾಚಿಕೆ ಆಗಿ ಸಾಕಾಯ್ತು."

ಉಪ್ಪ ನನ್ನ ಕಡೆ ನೋಡಲಿಲ್ಲ. "ಇಲ್ಲ ಮಾರಾಯ್ತಿ, ಇನ್ನು ಮೇಲೆ ನಾನು ಹೇಳದೆಯೇ ಬರುದು."

"ಎಂತಕ್ಕೆ? ಕಳ್ಳನ ಹಾಗೆ?"

"ಹೌದು, ಕಳ್ಳನ ಹಾಗೆ. ನೀನು ಕಾಯಬಾರದು. ಕಾದು ಕಾದು ನಿನಗೆ ಸೊಂಟ ನೋವು ಬರ್ತದೆ. ಒಂದು ದಿನ ಗೇಟಿನ ಸದ್ದಾಗ್ತದೆ, ಅಷ್ಟೇ."

"ಗುಡಿಸದ ಮನೆಗೆ?"

"ನಾನು ಬಂದ ಮೇಲೆ ಒದ್ದೆ ಬಟ್ಟೆಯಲ್ಲಿ ಇಬ್ಬರೂ ಒಟ್ಟಿಗೆ ಒರೆಸುವ. ಹಾಸಿಗೆ ಬೇಡ. ಆ ಹಳೆ ಹಾಸಿಗೆಯಲ್ಲಿ ನನಗೆ ಬೆನ್ನು ನೋಯ್ತದೆ. ಕೊಟ್ಟುಬಿಡು ಅದನ್ನು. ನನಗೆ ಚಾಪೆ ಸಾಕು."

ಉಮ್ಮ ಬಹಳ ಹೊತ್ತು ಅವರನ್ನು ನೋಡಿದಳು. ಒಳಗಿನಿಂದ ಅಜ್ಜಿ ಕೂಗಿದಳು, "ಮುದುಕ ಆಗುವಾಗ ಇವನಿಗೆ ಮದುಮಗನ ಹಾಗೆ ಬುದ್ಧಿ ಬಂತು!" ಉಮ್ಮನಿಗೆ ನಗು ತಡೆಯಲಾಗಲಿಲ್ಲ. ಡಬ್ಬಿ ಹಿಡಿದುಕೊಂಡು ಒಳಗೆ ಹೋದಳು. ಅವಳಿಗೆ ಎಷ್ಟು ತಿಳಿಯಿತು, ಎಷ್ಟು ತಿಳಿಯಲಿಲ್ಲ ಎಂದು ನಾನು ಇವತ್ತಿಗೂ ಕೇಳಿಲ್ಲ.

ಉಪ್ಪ ತಮ್ಮ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡರು. ನಮ್ಮ ಮೊಣಕೈ ತಾಗಿತು. ಕತ್ತಲಾಗುವವರೆಗೆ ಹಾಗೇ ಕುಳಿತಿದ್ದೆವು. ಒಂಬತ್ತು ವರ್ಷದ ಹುಡುಗಿಗೆ ಬೇಕಾಗಿದ್ದದ್ದನ್ನು ಇಪ್ಪತ್ತೈದು ವರ್ಷದವಳು ಕೇಳುವ ಹಾಗಿಲ್ಲ. ಎತ್ತಿಕೊಳ್ಳಿ, ತಲೆ ಬಾಚಿ ಎಂದು ಹೇಳಲಾಗುವುದಿಲ್ಲ.

ಮರುದಿನ ಬೆಳಿಗ್ಗೆ ಕಾಲೇಜಿಗೆ ಫೋನ್ ಮಾಡಿ ರಜೆ ಹೇಳಿದೆ. ಅದುವರೆಗೆ ಒಮ್ಮೆಯೂ ಅವರನ್ನು ಕಳುಹಿಸಲು ವಿಮಾನ ನಿಲ್ದಾಣಕ್ಕೆ ಹೋದವಳಲ್ಲ. ಮುಚ್ಚಿದ ಕಾರಿನಲ್ಲಿ ಅವರ ಪಕ್ಕ ಎರಡು ಗಂಟೆ ಕೂರುವುದು ಯಾರಿಗೂ ಸರಿ ಕಂಡಿರಲಿಲ್ಲ. ದೊಡ್ಡಪ್ಪ ಕಾರು ತಂದು ನಿಲ್ಲಿಸಿದಾಗ ನಾನು ಮೊದಲೇ ಹೋಗಿ ಹಿಂದಿನ ಸೀಟಿನಲ್ಲಿ ಕುಳಿತೆ. ಉಪ್ಪ ನನ್ನ ಪಕ್ಕ ಹತ್ತಿದರು. ಮಾಣಿ ಪೇಟೆ ದಾಟುವಾಗ ಅವರಿಗೆ ನಿದ್ದೆ ಬಂದು ತಲೆ ನನ್ನ ಭುಜಕ್ಕೆ ವಾಲಿತು. ಎಚ್ಚರವಾಗಬಾರದೆಂದು, ವಿಮಾನ ನಿಲ್ದಾಣಕ್ಕೆ ಹತ್ತುವ ಬಜಪೆಯ ಏರು ಬರುವವರೆಗೂ ನಾನು ಆ ಭುಜ ಅಲ್ಲಾಡದ ಹಾಗೆ, ಹೊಟ್ಟೆಯಿಂದಲೇ ಉಸಿರಾಡಿದೆ.